ಕಿಟಕಿಗೊಂದು ಮೂಗು

ಗೋಡೆಗೆ ಕಿವಿ ಎಂದೋ ಬಂದಾಗಿತ್ತು.
ಕಿಟಕಿಗೆ ಮೂಗು ಬರಿಸುವ ಕೆಲಸ
ನನ್ನ ಪಾಲಿಗೆ ಬಿತ್ತು, ಸೇಂಟ್ ಹೆಲೆನ್ಸಿನಲ್ಲಿ,
ಗಾಜು ಕಾಯಿಸಿ ಬದುಕಿದ ಊರಲ್ಲಿ,
ಕಲ್ಲಿದ್ದಲು ತೋಡಿ ಕೆಮ್ಮಿದ ಊರಲ್ಲಿ.

ಎರಡೂ ಈಗ ನನ್ನ ಮೇಜಿನ ಮೇಲೆ:
ಗಾಜು, ಅಂಗೈಯಗಲ.
ಇಂಗಾಲ, ಶೀಶೆಯ ತಳದಲ್ಲಿ ಒಂದು ಚಿಟಿಕೆ ಮಸಿ.
ಮಸಿಯಲ್ಲ, ಕೊಳವೆ.
ಐವತ್ತು ಸಾವಿರವನ್ನು ಪಕ್ಕಪಕ್ಕ ಮಲಗಿಸಿದರೆ
ಒಂದು ಕೂದಲಿನ ಅಗಲ. ಒಳಗೆ ಟೊಳ್ಳು.
ಸೋಪಿನ ನೀರಲ್ಲಿ ಅಲುಗಿಸಿ ಅಲುಗಿಸಿ
ಸಿಕ್ಕು ಬಿಡಿಸಬೇಕು,
ಎಣ್ಣೆ ಕಾಣದ ಹುಡುಗಿಯ ತಲೆ ಬಾಚಿದ ಹಾಗೆ.
ಆಮೇಲೆ ಬಿಸಿ ಗಾಜಿನ ಮೇಲೆ ತುಂತುರು.
ಆಮೇಲೆ ಸೋಪು ತೊಳೆಯುವುದು.
ಆಮೇಲೆ ಏನೂ ಕಾಣುವುದಿಲ್ಲ.
ಅದೇ ಗೆಲುವು.

ಅಷ್ಟು ಕಪ್ಪಾದದ್ದು ತೆಳುವಾಗಿ ತೆಳುವಾಗಿ
ಕಾಣದೇ ಹೋಗುವುದು ನನಗೆ ಇವತ್ತಿಗೂ ಸೋಜಿಗ.
ಹಿತ್ತಾಳೆ ತಟ್ಟೆ ಬೋರಲು ಹಾಕಿ
ಹರಳೆಣ್ಣೆ ದೀಪದ ಮಸಿ ಹಿಡಿದು
ಕಾಡಿಗೆ ಮಾಡುತ್ತಿದ್ದಳು ಚಿಕ್ಕಮ್ಮ; ಒಂದು ಬೊಟ್ಟು ಸಾಕು,
ಎಷ್ಟು ತಿಕ್ಕಿದರೂ ಕೆನ್ನೆಯಲ್ಲಿ ಸುಳಿವು.

ಮಾವಿಸ್ ಫಜಾಕರ್ಲಿಗೆ ಎಪ್ಪತ್ತೊಂಬತ್ತು.
ಜ್ವರವೊಂದು ಬಂದು ಹೋಗುವಾಗ
ಜೊತೆಗೆ ವಾಸನೆಯನ್ನೂ ಕರೆದೊಯ್ದಿತ್ತು.
ಗ್ಯಾಸು ಸೋರಿದ್ದು ಗೊತ್ತಾಗದೆ ಕೂತವಳನ್ನು
ಪಕ್ಕದ ಮನೆಯವ ಹೊರಗೆಳೆದನಂತೆ.
"ಅವನ ಮೂಗು ಸದಾ ನನ್ನ ಮನೆಯೊಳಗೇ ಇರುತ್ತಿತ್ತು,
ಒಂದು ಸಲ ಉಪಯೋಗಕ್ಕೆ ಬಂತು" ಎಂದು ನಕ್ಕಳು.
ಪ್ರಯೋಗಕ್ಕೆ ಅಡುಗೆಮನೆ ಕಿಟಕಿ ಕೊಟ್ಟಳು,
ಷರತ್ತು ಒಂದೇ:
ಹಿತ್ತಲ ಪಾರಿವಾಳದ ಗೂಡು ಮರೆಯಾಗಬಾರದು.
ಕ್ಲಿಫ್ ಕಟ್ಟಿದ್ದು. ಈಗ ಹಕ್ಕಿಗಳಿಲ್ಲ.

ಎರಡು ಚೌಕ ಅಂಟಿಸಿದೆ. ಒಂದಕ್ಕೆ ಪಲೇಡಿಯಂ ಚುಕ್ಕಿ,
ಸೋರಿದ ಗ್ಯಾಸಿಗೆ. ಇನ್ನೊಂದು ಬರಿಯದು,
ಉರಿದ ಗ್ಯಾಸಿನ ಹಬೆಗೆ.
ಮಾವಿಸ್ ಕನ್ನಡಕ ಏರಿಸಿ ಹುಡುಕಿದಳು.
"ಏನೂ ಇಲ್ಲವಲ್ಲ, ಚಿನ್ನಾ."

ಆರು ವಾರ ಮೊದಲನೆಯದು ತೆಪ್ಪಗಿತ್ತು.
ಎರಡನೆಯದು ಬಾಯಿಬಡುಕ.
ಬೆಳಗಿನ ಮೊಟ್ಟೆಗೆ ಒಂದು ಇಳಿಜಾರು,
ಮಧ್ಯಾಹ್ನದ ಸೂಪಿಗೆ ಒಂದು, ಭಾನುವಾರ ದೊಡ್ಡ ಹಳ್ಳ.
ಮತ್ತೆ ದಿನಾ, ತಪ್ಪದೆ,
ರಾತ್ರಿ ಮೂರಕ್ಕೆ ಎಂಟು ನಿಮಿಷ ಇರುವಾಗ
ಸಣ್ಣದೊಂದು ತಗ್ಗು.

ತಂತಿಯ ದೋಷವೆಂದು ತಂತಿ ಬದಲಿಸಿದೆ.
ಚಳಿಯ ದೋಷವೆಂದು ಲೆಕ್ಕ ತಿದ್ದಿದೆ.
ಹೊಸ ಚೌಕ ತಂದು ಅಂಟಿಸಿದೆ; ಅದೂ ಅದನ್ನೇ ಹೇಳಿತು.
ಬಸ್ಸಿನಲ್ಲಿ ಬರುವಾಗ, ತೊಯ್ದ ಕೊಡೆ ಮಡಚುತ್ತ,
ಹೊಳೆಯಿತು. ಕೆಟಲು.
ಬೀದಿಯೆಲ್ಲ ಮಲಗಿರುವಾಗ ಒಂದೇ ಒಂದು ನೀಲಿ ಉರಿ,
ಅದರ ಮುಂದೆ ಉಲ್ಲನ್ ಗೌನು, ಬರಿಗಾಲು.

ಸೋರಿದ್ದನ್ನು ಹಿಡಿಯಲು ಹೋದವಳು
ಸೋರದಂತೆ ಇಟ್ಟುಕೊಂಡದ್ದನ್ನು ಹಿಡಿದಿದ್ದೆ.

ಹೇಳಬೇಕೋ ಬಾರದೋ.
ಕಾಗದದ ಮೇಲೆ ಗೆರೆ ಮುದ್ರಿಸಿ ಒಯ್ದೆ,
ಬೇರೇನನ್ನೋ ತೋರಿಸುವವಳ ಹಾಗೆ.
ಅವಳ ಬೆರಳು ಮೊಟ್ಟೆ ದಾಟಿತು, ಸೂಪು ದಾಟಿತು,
ಆ ತಗ್ಗಿನಲ್ಲಿ ನಿಂತಿತು.
"ಇದನ್ನು ತೆಗೆದುಬಿಡುತ್ತೀಯಾ?"
ಯಾವುದನ್ನು? ಕಿಟಕಿಯಿಂದ ಚೌಕವನ್ನೋ,
ಗೆರೆಯಿಂದ ತಗ್ಗನ್ನೋ? ಕೇಳಲಿಲ್ಲ.
ವರದಿಯಲ್ಲಿ ಅದಕ್ಕೆ 'ಹಿನ್ನೆಲೆ' ಎಂದಷ್ಟೇ ಬರೆದೆ.

"ಈ ಪುಟ್ಟ ದೀಪ ಯಾಕೆ?" ಎಂದಳು ಆಮೇಲೆ.
ಹಿಡಿದದ್ದನ್ನು ಅದು ತಾನಾಗಿ ಬಿಡುವುದಿಲ್ಲ, ಎಂದೆ.
ಕಿಟಕಿ ತೆರೆದಿಟ್ಟರೂ ಗಂಟೆಗಟ್ಟಲೆ ಕಚ್ಚಿಕೊಂಡಿರುತ್ತದೆ.
ನೇರಳೆಯಾಚೆಯ ಬೆಳಕು ತೋರಿದರೆ
ಒಂದೊಂದಾಗಿ ಕಳಚಿ ಹೋಗುತ್ತವೆ,
ಮತ್ತೆ ಮೊದಲಿನ ಹಾಗೆ.
"ಎಷ್ಟು ಹೊತ್ತು?"
ಹತ್ತು ನಿಮಿಷ.
"ಅಷ್ಟೇನಾ?"
ಎಂದಳು ಮಾವಿಸ್, ಗೂಡಿನ ಕಡೆ ನೋಡುತ್ತ.
ಎದ್ದು ಕೆಟಲಿಗೆ ನೀರು ತುಂಬಿಸಿದಳು,
ಕಡ್ಡಿ ಗೀರಿದಳು.

ನನ್ನ ಪರದೆಯ ಮೇಲೆ ಗೆರೆ
ಮೆಲ್ಲಗೆ ಇಳಿಯತೊಡಗಿತು.